ಸಾಲಾಗಿ ನಿಂತ ಕಿಡಿಗಳು

ಹುಮನಾಬಾದಿನ ನಮ್ಮ ಸ್ಕ್ಯಾನ್ ಸೆಂಟರಿನ ಗೋಡೆಯ ಮೇಲೆ ಒಂದು ಬೋರ್ಡು ಇದೆ. ಬರೆಸಿದವಳು ನಾನೇ. ‘ಒಳಗೆ ಹೋಗುವ ಮುನ್ನ ಇವುಗಳನ್ನು ತೆಗೆದು ತಟ್ಟೆಯಲ್ಲಿಡಿ’ ಎಂದು ಮೇಲೆ ದಪ್ಪಕ್ಷರ, ಕೆಳಗೆ ಹದಿನಾಲ್ಕು ಸಾಮಾನಿನ ಪಟ್ಟಿ. ಓಲೆ, ಸರ, ತಾಯಿತ, ಉಡದಾರ, ತಲೆಪಿನ್ನು, ಹೀಗೆ. ಹನ್ನೊಂದು ವರ್ಷದಲ್ಲಿ ಒಂದೊಂದು ಎಡವಟ್ಟಿಗೆ ಒಂದೊಂದು ಸಾಮಾನು ಸೇರಿ ಅದು ಬೆಳೆದಿದೆ. ಹಲ್ಲಿನ ಸೆಟ್ಟು ಸೇರಿದ್ದು ಚಿಟಗುಪ್ಪದ ಒಬ್ಬ ನಿವೃತ್ತ ಮಾಸ್ತರರ ಪುಣ್ಯದಿಂದ. ಬೋರ್ಡಿನ ಕೆಳಗೆ ಮೇಜು, ಮೇಜಿನ ಮೇಲೆ ಸ್ಟೀಲಿನ ತಟ್ಟೆ. ಆ ಪಟ್ಟಿಯ ಮೇಲೆ ನನಗೆ ಎಷ್ಟು ಹೆಮ್ಮೆ ಇತ್ತೆಂದರೆ, ಅದರಲ್ಲಿ ಇಲ್ಲದ ವಸ್ತು ಜಗತ್ತಿನಲ್ಲೇ ಇಲ್ಲ ಎಂದುಕೊಂಡಿದ್ದೆ.

ನನ್ನ ಹೆಸರು ರತ್ನಮಾಲಾ. ಸಿಟಿ ಸ್ಕ್ಯಾನ್ ಟೆಕ್ನಿಷಿಯನ್. ಮನೆ ಬಸವಕಲ್ಯಾಣದಲ್ಲಿ, ಕೆಲಸ ಹುಮನಾಬಾದಿನಲ್ಲಿ, ಉಳಿದ ಆಯುಷ್ಯ ಇವೆರಡರ ನಡುವಿನ ಬಸ್ಸಿನಲ್ಲಿ. ಸೆಂಟರಿನ ಮಾಲೀಕರು ಶರಣಕುಮಾರ. ಡಾಕ್ಟರರಲ್ಲ, ಮೊದಲು ಗಂಜ್ ಮಾರುಕಟ್ಟೆಯಲ್ಲಿ ಕಾಳಿನ ದಲ್ಲಾಳಿಯಾಗಿ ಅಡತಿ ಅಂಗಡಿ ಇಟ್ಟಿದ್ದರು. ಹಿಡಿ ತೊಗರಿ ಅಂಗೈಯಲ್ಲಿ ಹಿಡಿದು ಅದರ ತೇವ ಹೇಳುತ್ತಿದ್ದ ಮನುಷ್ಯ, ಈಗ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ರೋಗ ಹೇಳುತ್ತಾರೆ. ಎರಡರಲ್ಲೂ ಒಂದೇ ಆತ್ಮವಿಶ್ವಾಸ. ಮಷೀನಿಗೆ ಪ್ರತಿ ಅಮಾವಾಸ್ಯೆ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಾರೆ. ನಿಜವಾದ ರಿಪೋರ್ಟು ಬರೆಯುವ ಡಾಕ್ಟರು ಯಾವುದೋ ದೂರದ ನಗರದಲ್ಲಿ ಕುಳಿತಿರುತ್ತಾರೆ. ನಾವು ಚಿತ್ರ ಕಳಿಸುತ್ತೇವೆ, ಅವರು ಸಹಿ ಕಳಿಸುತ್ತಾರೆ. ಅವರ ಮುಖವನ್ನು ನಾನು ಇಂದಿಗೂ ನೋಡಿಲ್ಲ. ಅವರೂ ಯಾವ ರೋಗಿಯ ಮುಖವನ್ನೂ ನೋಡಿಲ್ಲ, ತಲೆಬುರುಡೆ ಮಾತ್ರ ನೋಡಿದ್ದಾರೆ.

ಒಂದು ಮಾರ್ಚ್ ತಿಂಗಳು ಬಸವಕಲ್ಯಾಣದ ಕಣ್ಣಿನ ಡಾಕ್ಟರು ಶೈಲೇಶ ಅವರ ಚೀಟಿ ಹಿಡಿದು ಒಂದು ಕುಟುಂಬ ಬಂತು. ಐದು ವರ್ಷದ ಹುಡುಗಿ ಖುಷ್ನುಮಾ, ಅವಳ ತಾಯಿ ಹುಮೇರಾ, ತಂದೆ ಏಜಾಜ್, ತಂದೆಯ ತಾಯಿ ಬೀಬಿಜಾನ. ಹುಡುಗಿಯ ಬಲಗಣ್ಣು ಎಡಗಣ್ಣಿಗಿಂತ ಕೊಂಚ ಮುಂದೆ ಬಂದಿತ್ತು. ತಟ್ಟನೆ ನೋಡಿದವರಿಗೆ, ಹುಡುಗಿ ಏನನ್ನೋ ಕಂಡು ಅರ್ಧ ಮುಖದಲ್ಲಿ ಮಾತ್ರ ಬೆರಗಾಗಿದ್ದಾಳೆ ಅನಿಸಬೇಕು, ಹಾಗೆ. ‘ಬಲಗಣ್ಣಿನ ಗೂಡು, ಸಿಟಿ ಸ್ಕ್ಯಾನ್’ ಎಂದಿತ್ತು ಚೀಟಿ.

ಮಗು ಸಿಂಗಾರವಾಗಿ ಬಂದಿತ್ತು. ಜರಿಯಂಚಿನ ಫ್ರಾಕು, ಎರಡು ಜಡೆ, ಎರಡೂ ಕಣ್ಣಂಚಿಗೆ ದಟ್ಟವಾಗಿ ಕಾಡಿಗೆಯಂಥ ಕಪ್ಪು ಸುರ್ಮಾ.

“ಫೋಟೋ ತೆಗಿತಾರಂತ ಹೇಳಿದ್ರಲ್ರಿ,” ಎಂದರು ಬೀಬಿಜಾನ. “ಕಣ್ಣಿಂದ ಫೋಟೋ. ಹಾಂಗಾಗಿ ಕಣ್ಣ ತಯಾರ್ ಮಾಡೀನಿ.”

ನಾನು ನಕ್ಕೆ. ಮಗುವಿನ ಗಲ್ಲ ಹಿಡಿದು, “ಎಷ್ಟ್ ಚಂದ ಕಾಣ್ತೀ ಪೋರಿ! ಸುರ್ಮಾ ಭಾಳ ಒಪ್ಪ್ಯದ ನಿನಗ,” ಎಂದೆ. ಮುದುಕಿಯ ಮುಖ ಅರಳಿತು. ಮಗುವೂ ಕಣ್ಣು ಪಿಳುಕಿಸಿ ಸುರ್ಮಾ ತೋರಿಸಿತು. ಆಮೇಲೆ ನಾನು ನನ್ನ ಮಹಾನ್ ಪಟ್ಟಿಯನ್ನು ಓದಿ ಓಲೆ ತೆಗೆಸಿದೆ, ಕೊರಳಿನ ತಾಯಿತ ತೆಗೆಸಿದೆ, ಜಡೆಯ ಪಿನ್ನುಗಳನ್ನು ಎಣಿಸಿ ಎಣಿಸಿ ತಟ್ಟೆಗೆ ಹಾಕಿದೆ. ಸುರ್ಮಾ ಪಟ್ಟಿಯಲ್ಲಿರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ನಾನೇಕೆ ತೆಗೆಸಲಿ?

ಮಗು ಹತ್ತು ಸೆಕೆಂಡು ಕಲ್ಲಿನ ಹಾಗೆ ಮಲಗಿತು. ದೊಡ್ಡವರಿಗೂ ಬಾರದ ಶಿಸ್ತು. ಚಿತ್ರ ಕಳಿಸುವ ಮೊದಲು ಕಂಪ್ಯೂಟರಿನಲ್ಲಿ ‘ರೋಗಿಯ ಹಿನ್ನೆಲೆ’ ಎಂಬ ಖಾನೆ ತುಂಬಬೇಕು. ಬೇರೆ ಟೆಕ್ನಿಷಿಯನ್‌ಗಳು ಅಲ್ಲಿ ‘ಕಣ್ಣು ಊತ’ ಎಂದು ಬರೆದು ಚಹಾ ಕುಡಿಯಲು ಹೋಗುತ್ತಾರೆ. ನಾನು ಹಾಗಲ್ಲ, ವಿಚಾರಿಸುವವಳು. ಏಜಾಜನ ಕೈಮೇಲೆ ಸಣ್ಣ ಸಣ್ಣ ಸುಟ್ಟ ಕಲೆ ಕಂಡು, “ಏನ್ ಕೆಲಸ ಮಾಡ್ತೀರಿ?” ಎಂದು ಕೇಳಿದೆ.

“ವೆಲ್ಡಿಂಗ್ ಅಂಗಡಿ ಅದ ಮೇಡಂ. ಗೇಟು, ಕಿಟಕಿ ಮಾಡ್ತೀನಿ.”

“ಮಗಳು ಅಂಗಡಿಗಿ ಬರ್ತಾಳೇನ್ರಿ?”

“ಮಧ್ಯಾಹ್ನ ಬುತ್ತಿ ತರ್ತಾಳ್ರಿ, ಅವರಮ್ಮನ ಸಂಗಾಟ. ಆದ್ರ ನಾ ಕೆಲಸ ಬಂದ್ ಮಾಡೇ ಒಳಗ ಕರೀತೀನಿ.”

ನಾನು ಖಾನೆಯಲ್ಲಿ ಬರೆದೆ: ‘ತಂದೆಗೆ ವೆಲ್ಡಿಂಗ್ ಕೆಲಸ. ಮಗು ಅಂಗಡಿಗೆ ಹೋಗುತ್ತದೆ.’ ಕೆಲಸ ಬಂದ್ ಮಾಡಿ ಕರೆಯುತ್ತಾನೆ ಎಂಬುದನ್ನು ಬರೆಯಲಿಲ್ಲ. ಜಾಗ ಸಾಲಲಿಲ್ಲ ಎಂದು ಹೇಳಬಹುದಿತ್ತು, ಆದರೆ ಖಾನೆಯಲ್ಲಿ ಇನ್ನೂ ಮೂರು ಸಾಲು ಖಾಲಿ ಇದ್ದವು.

ಸಂಜೆ ರಿಪೋರ್ಟು ಬಂತು. ಎರಡೂ ಕಣ್ಣಿನ ರೆಪ್ಪೆಯಲ್ಲಿ, ಮುಂಭಾಗದಲ್ಲಿ ಲೋಹದ ಸೂಕ್ಷ್ಮ ಚೂರುಗಳಿವೆ, ಬಲಗಡೆ ಹೆಚ್ಚು. ಬಲಗಣ್ಣಿನ ಗೂಡಿನೊಳಗೆ ಊತವಿದೆ, ಆದರೆ ಲೋಹದ ಹೊಳಪಿನಿಂದಾಗಿ ಸ್ಪಷ್ಟವಿಲ್ಲ. ಚೂರುಗಳಿಂದಾದ ಸೋಂಕು ಇರಬಹುದು. ಲೋಹವಿರುವುದರಿಂದ ಎಂಆರ್‌ಐ ಮಾಡಕೂಡದು.

ಕೊನೆಯ ಸಾಲು ನಿಯಮ. ಎಂಆರ್‌ಐ ಎಂದರೆ ದೊಡ್ಡ ಅಯಸ್ಕಾಂತ. ಕಣ್ಣಿನಲ್ಲಿ ಕಬ್ಬಿಣದ ಚೂರಿದ್ದರೆ ಅದನ್ನು ಎಳೆದಾಡಿ ಕಣ್ಣನ್ನೇ ಸೀಳಬಹುದು. ಆದ್ದರಿಂದ ಆ ಒಂದು ಸಾಲು ಮಗುವಿಗೆ ಎಲ್ಲ ಎಂಆರ್‌ಐ ಬಾಗಿಲುಗಳನ್ನೂ ಮುಚ್ಚಿತು. ಗೂಡಿನೊಳಗಿನ ಊತ ನಿಜಕ್ಕೂ ಏನೆಂದು ತಿಳಿಯಬೇಕಾದರೆ ಆ ಬಾಗಿಲೇ ತೆರೆಯಬೇಕಿತ್ತು. ಶರಣಕುಮಾರರು ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು, “ನೋಡ್ರಿ, ನಮ್ ಮಷೀನು ಎಂಥಾ ಚುರುಕದ! ಧೂಳಿನ ಕಣದಷ್ಟು ಕಬ್ಬಿಣ ಹಿಡದದ,” ಎಂದು ಮಷೀನಿನ ಬೆನ್ನು ತಟ್ಟಿದರು. ನನ್ನ ಬೆನ್ನನ್ನು ನಾನೇ ಮನಸ್ಸಿನಲ್ಲಿ ತಟ್ಟಿಕೊಂಡೆ. ವೆಲ್ಡಿಂಗ್ ವಿಷಯ ಹೊರತೆಗೆದವಳು ನಾನಲ್ಲವೇ.

ಡಾಕ್ಟರ್ ಶೈಲೇಶ ರಿಪೋರ್ಟು ಓದಿ ಮಗುವನ್ನು ಕೂರಿಸಿ ಚೂರು ಹುಡುಕಿದರಂತೆ. ಅದನ್ನು ಹುಮೇರಾ ನನಗೆ ಆಮೇಲೆ ಹೇಳಿದಳು. ಮೊದಲು ಹತ್ತಿಯಿಂದ ಸುರ್ಮಾ ಚೆನ್ನಾಗಿ ಒರೆಸಿ ತೆಗೆದು, ಹತ್ತಿಯನ್ನು ಬುಟ್ಟಿಗೆ ಹಾಕಿ, ಆಮೇಲೆ ದೀಪ ಹಾಕಿ ಲೋಹ ಎಲ್ಲಿದೆ ಎಂದು ಅರ್ಧ ಗಂಟೆ ನೋಡಿದರು. ಕಳ್ಳನನ್ನು ಗೌರವದಿಂದ ಬಾಗಿಲ ತನಕ ಬಿಟ್ಟುಬಂದು ಮನೆಯೆಲ್ಲ ಹುಡುಕಿದಂತೆ. ಒಂದು ಚೂರೂ ಸಿಗಲಿಲ್ಲ. ಹೊರಗಿಲ್ಲ ಎಂದ ಮೇಲೆ ಒಳಗೇ ಇಳಿದಿರಬೇಕು ಎಂದರು. ಸೋಂಕಿಗೆ ಔಷಧ ಬರೆದರು. ಒಂದು ವಾರದ್ದು ಮುಗಿಯಿತು, ಇನ್ನೊಂದು ವಾರದ್ದು ಬರೆದರು. ಹೈದರಾಬಾದಿಗೂ ಕಳಿಸಿದರು. ಅಲ್ಲಿಯವರು ನಮ್ಮ ರಿಪೋರ್ಟಿನ ಕೊನೆಯ ಸಾಲು ಓದಿ, ಮೊದಲು ಲೋಹ ತೆಗೆಸಿಕೊಂಡು ಬನ್ನಿ ಎಂದು ವಾಪಸ್ಸು ಕಳಿಸಿದರು. ನಮ್ಮ ಕಾಗದಕ್ಕೆ ಅಷ್ಟು ದೂರ ಅಷ್ಟು ಮರ್ಯಾದೆ ಸಿಕ್ಕಿದ್ದು ಅದೇ ಮೊದಲು.

ಇತ್ತ ಕಲ್ಯಾಣದಲ್ಲಿ ಏಜಾಜನ ಓಣಿಯ ಜನರೆಲ್ಲ ರಾತ್ರೋರಾತ್ರಿ ಕಣ್ಣಿನ ತಜ್ಞರಾದರು. ಚಹಾದಂಗಡಿಯಲ್ಲಿ ಕೂತವರು, ಮಗುವನ್ನು ವೆಲ್ಡಿಂಗ್ ಅಂಗಡಿಗೆ ಬಿಡುವ ಅಪ್ಪ ಎಂಥ ಅಪ್ಪ ಎಂದು ವಿಚಾರಸಂಕಿರಣ ನಡೆಸಿದರು. ಅವರಲ್ಲಿ ಅರ್ಧ ಜನರ ಮನೆಯ ಗೇಟು ಅದೇ ಅಪ್ಪ ಮಾಡಿಕೊಟ್ಟದ್ದು. ಹುಮೇರಾಳ ಅಣ್ಣ ಚಿಟಗುಪ್ಪದಿಂದ ಬಂದು, ಚಪ್ಪಲಿ ಬಿಡುವ ಮೊದಲೇ ಭಾವನನ್ನು ಬೈದು, ಊಟ ಮಾಡಿ ಹೋದ. ಹುಮೇರಾ ಗಂಡನಿಗೆ ಬುತ್ತಿ ಕಟ್ಟುವುದನ್ನು ನಿಲ್ಲಿಸಿದಳು, ಅಷ್ಟೇ.

ಏಜಾಜ್ ಅಂಗಡಿಯ ಶಟರ್ ಎಳೆದುಬಿಟ್ಟ. ನಾನು ದಿನಾ ಬಸ್ ಸ್ಟ್ಯಾಂಡಿಗೆ ಅದರ ಮುಂದಿನಿಂದಲೇ ಹೋಗಬೇಕು, ಅದು ಅವನ ಅಂಗಡಿಯೆಂದು ತಿಳಿದದ್ದು ಮಾತ್ರ ಈಗ. ಅರ್ಧ ಆದ ಒಂದು ಗೇಟು ಹೊರಗೆ ಗೋಡೆಗೆ ಒರಗಿ ನಿಂತು ತುಕ್ಕು ಹಿಡಿಯತೊಡಗಿತ್ತು. ಅವನು ಹುಮನಾಬಾದಿನ ಕೈಗಾರಿಕಾ ಪ್ರದೇಶದ ಒಂದು ಔಷಧ ಕಾರ್ಖಾನೆಯಲ್ಲಿ ಡ್ರಮ್ಮು ಏರಿಸಿ ಇಳಿಸುವ ಕೆಲಸಕ್ಕೆ ಸೇರಿದ್ದ. ಹೀಗಾಗಿ ಅವನದೂ ನನ್ನದೂ ಒಂದೇ ಬಸ್ಸು. ಅವನು ಹಿಂದೆ ಕೂರುತ್ತಿದ್ದ, ನಾನು ಮುಂದೆ. ನಾನು ತಿರುಗಿ ನೋಡುತ್ತಿರಲಿಲ್ಲ. ಸ್ವಂತ ಮಗುವಿನ ಕಣ್ಣಿಗೆ ಕಿಡಿ ಹಾರಿಸಿದವನನ್ನು ದುರುಗುಟ್ಟಿ ನೋಡಬಾರದು ಎಂಬ ದೊಡ್ಡತನ ನನ್ನದು.

ಐದನೇ ವಾರದ ಒಂದು ಬೆಳಿಗ್ಗೆ, ಬಸ್ಸು ಸಸ್ತಾಪುರ ಬಂಗ್ಲಾ ಸ್ಟಾಪಿನಲ್ಲಿ ಜನರನ್ನು ತುಂಬಿಕೊಳ್ಳುತ್ತ ನಿಂತಿದ್ದಾಗ, ಏಜಾಜ್ ಎದ್ದು ಬಂದು ನನ್ನ ಪಕ್ಕದ ಸೀಟಿನ ಕಂಬಿ ಹಿಡಿದು ನಿಂತ. ಕೈಯಲ್ಲಿ ನಮ್ಮ ಸೆಂಟರಿನ ದೊಡ್ಡ ಬಿಳಿ ಕವರು.

“ಮೇಡಂ, ಒಂದ್ ಮಾತ್ ಕೇಳ್ತೀನಿ. ಸಿಟ್ಟಾಗಬ್ಯಾಡ್ರಿ.”

“ಕೇಳ್ರಿ.”

“ಇದ್ರಾಗ ಕಿಡಿ ಎಲ್ಲದ ತೋರಸ್ರಿ. ನಾ ಒಂದ್ ಸಲಾನೂ ನೋಡಿಲ್ಲ. ನೋಡಿದ್ರ ಗೊತ್ತಾಗ್ತದೇನೋ ಯಾವ ದಿನದ್ದಂತ. ಗ್ರೈಂಡರಿಂದು ಬ್ಯಾರೆ ಇರ್ತದ, ವೆಲ್ಡಿಂಗಿಂದು ಬ್ಯಾರೆ ಇರ್ತದ. ಐದ್ ವಾರಾತು, ದಿನಾ ಲೆಕ್ಕ ಹಾಕಾಕತ್ತೀನಿ. ಯಾವ ದಿನ ಶಟರ್ ಹೊರಗ ನಿಂದ್ರಿಸ್ಲಿಲ್ಲ ಅಕಿಗಿ? ಒಂದ್ ದಿನಾನೂ ನೆನಪಾಗಲ್ದು ಮೇಡಂ.”

ನಾನು ಫಿಲ್ಮನ್ನು ಬಸ್ಸಿನ ಕಿಟಕಿಗೆ ಹಿಡಿದೆ. ಬಿಸಿಲು ಚೆನ್ನಾಗಿತ್ತು. ಹನ್ನೊಂದು ವರ್ಷದಲ್ಲಿ ನಾನು ತೆಗೆದ ಚಿತ್ರಗಳನ್ನು ಚಿತ್ರ ಸರಿ ಬಂದಿದೆಯೇ ಎಂದು ನೋಡಿದ್ದೇನೆ, ಚಿತ್ರದಲ್ಲಿ ಏನಿದೆ ಎಂದು ನೋಡುವುದು ಸಹಿ ಮಾಡುವವರ ಕೆಲಸವೆಂದು ಬಿಟ್ಟಿದ್ದೇನೆ. ಆ ದಿನ ಅವನು ಪಕ್ಕದಲ್ಲಿ ನಿಂತು ಬೆರಳು ತೋರಿಸುತ್ತಿದ್ದನಲ್ಲ, ನೋಡಲೇಬೇಕಾಯಿತು.

ಬಿಳಿ ಚುಕ್ಕೆಗಳಿದ್ದವು. ಬಲಗಣ್ಣಿನ ರೆಪ್ಪೆಯಂಚಿಗೆ ಒಂದರ ಪಕ್ಕ ಒಂದು, ಮೂಗಿನ ಕಡೆಯಿಂದ ಕಿವಿಯ ಕಡೆಗೆ, ಸಾಲಾಗಿ. ಎಡಗಣ್ಣಿಗೂ ಅದೇ ಸಾಲು, ಕೊಂಚ ತೆಳುವಾಗಿ.

“ಎರಡೂ ಕಣ್ಣಾಗ ಹಾರ್ಯಾವ ನೋಡ್ರಿ,” ಎಂದ ಏಜಾಜ್. ದನಿ ಒಡೆದಿತ್ತು.

ಕಿಡಿ ಹಾರುವುದನ್ನು ನಾನೂ ನೋಡಿದ್ದೇನೆ, ಅವನ ಅಂಗಡಿಯ ಮುಂದೆಯೇ. ಅವು ಎಲ್ಲೆಂದರಲ್ಲಿ ಚದುರಿ ಬೀಳುತ್ತವೆ. ರೇಷನ್ ಅಂಗಡಿಯ ಮುಂದೆ ನಿಂತಂತೆ ಸಾಲು ಹಚ್ಚಿ, ಎರಡೂ ಕಣ್ಣಿಗೆ ಹಂಚಿಕೊಂಡು, ರೆಪ್ಪೆಯ ಅಂಚು ಬಿಟ್ಟು ಆಚೀಚೆ ಸರಿಯದೆ ನಿಲ್ಲುವುದಿಲ್ಲ. ಹಾಗೆ ನಿಲ್ಲುವುದು ಯಾರೋ ಕೈಯಾರೆ ಎಳೆದ ಗೆರೆ ಮಾತ್ರ. ನನ್ನ ಕಿವಿಯಲ್ಲಿ ನನ್ನದೇ ದನಿ ಕೇಳಿತು. ಸುರ್ಮಾ ಭಾಳ ಒಪ್ಪ್ಯದ ನಿನಗ.

ಫಿಲ್ಮನ್ನು ಕವರಿಗೆ ಹಾಕಿ, “ಸಂಜೀಕಿ ಮನಿಗಿ ಬರ್ತೀನಿ. ಅಲ್ಲೀತನಕ ಏನೂ ಲೆಕ್ಕ ಹಾಕಬ್ಯಾಡ್ರಿ,” ಎಂದೆ.

ಸೆಂಟರಿಗೆ ಹೋದವಳೇ ರಿಸೆಪ್ಷನ್ನಿನ ತಹಸೀನ್ ಬಳಿ, “ನಿನ್ನ ಪರ್ಸಿನ್ಯಾಗ ಸುರ್ಮಾ ಅದೇನ?” ಎಂದು ಕೇಳಿದೆ. ಅವಳು ಪುಟ್ಟ ಸುರ್ಮಾದಾನಿ ಕೊಟ್ಟಳು. ಸಂತೆಗೆಂದು ತಂದಿದ್ದ ನನ್ನ ಚೀಲದಿಂದ ಒಂದು ಟೊಮ್ಯಾಟೊ ತೆಗೆದು, ಅದರ ಮೇಲೆ ಸುರ್ಮಾ ಕಡ್ಡಿಯಿಂದ ಎರಡು ಗೆರೆ ಎಳೆದು, ಮಷೀನಿನ ಮೇಲೆ ಮಲಗಿಸಿದೆ. ಅಲುಗಬೇಡ ಎಂದು ಹೇಳಿಸಿಕೊಳ್ಳದೆ ಮಲಗಿದ ರೋಗಿ ಖುಷ್ನುಮಾ ಬಿಟ್ಟರೆ ಅದೊಂದೇ. ಪರದೆಯ ಮೇಲೆ ಚಿತ್ರ ಬಂತು. ಬೂದು ಬಣ್ಣದ ಟೊಮ್ಯಾಟೊ, ಅದರ ಮೇಲೆ ಎರಡು ಸಾಲು ಬಿಳಿ ಚುಕ್ಕೆ. ಹೊಳೆಯುವ, ಚುರುಕಾದ, ಪರಿಶುದ್ಧ ಲೋಹ.

ಸೀಸ. ಎಷ್ಟೋ ಸುರ್ಮಾದಲ್ಲಿ ಇರುವುದು ಸೀಸದ ಕಲ್ಲನ್ನು ನುಣ್ಣಗೆ ಅರೆದ ಪುಡಿ. ಎಕ್ಸ್‌ರೇ ತಡೆಯಲೆಂದು ನಾನು ದಿನಾ ಮೈಮೇಲೆ ಹೊದ್ದುಕೊಳ್ಳುವ ಏಪ್ರನ್ನಿನೊಳಗೂ ಅದೇ ಸೀಸ. ಹನ್ನೊಂದು ವರ್ಷ ಅದರ ಭಾರ ಹೊತ್ತು ನನ್ನ ಹೆಗಲು ಬಾಗಿದೆ. ಅದೇ ಸೀಸ ಮಗುವಿನ ಕಣ್ಣಂಚಿನಲ್ಲಿ ಕುಳಿತಿದ್ದಾಗ ನಾನು ಗಲ್ಲ ಹಿಡಿದು ಹೊಗಳಿದ್ದೆ.

“ಏನ್ ನಡದದ ಇಲ್ಲಿ?” ಶರಣಕುಮಾರರು ಬಾಗಿಲಲ್ಲಿ ನಿಂತಿದ್ದರು. ತಮ್ಮ ದೇವರ ಗರ್ಭಗುಡಿಯಲ್ಲಿ ಟೊಮ್ಯಾಟೊ ಕಂಡು ಅವರ ಮುಖ ಟೊಮ್ಯಾಟೊ ಆಗಿತ್ತು. ನಾನು ವಿವರಿಸಿದೆ. ಅವರು ಬೆವರು ಒರೆಸಿಕೊಂಡು ಯೋಚಿಸಿದರು.

“ಹಾಂಗಾದ್ರ ಮಷೀನಿಂದು ತಪ್ಪಿಲ್ಲ,” ಎಂದರು ಕೊನೆಗೆ. “ಲೋಹ ಅಂತ ತೋರಿಸ್ತು, ಲೋಹಾನೇ ಇತ್ತು. ಮತ್ತ್ಯಾಕ ಗದ್ದಲ? ಸುಮ್ನಿರ್ರಿ.”

ನಾನು ಸುಮ್ಮನಿರಲಿಲ್ಲ. ರಿಪೋರ್ಟು ಬರೆಯುವ ಡಾಕ್ಟರಿಗೆ ಮೊದಲ ಸಲ ಫೋನು ಮಾಡಿದೆ. ಅವರು ಚಿತ್ರ ತೆರೆದು ಒಂದೊಂದೇ ಚುಕ್ಕೆ ನೋಡಿದರು. ಆಮೇಲೆ ಮೆಲ್ಲಗೆ, “ಹಿನ್ನೆಲೆಯಲ್ಲಿ ವೆಲ್ಡಿಂಗ್ ಅಂತ ನೀವು ಬರೆದಿದ್ರಿ. ಸುರ್ಮಾ ಅಂತ ಬರೆದಿರಲಿಲ್ಲ,” ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. “ಮಗುವಿನ ಕಣ್ಣು ಪೂರ್ತಿ ತೊಳೆಸಿ, ನಾಳೆಯೇ ಆ ಭಾಗ ಮಾತ್ರ ಇನ್ನೊಮ್ಮೆ ತೆಗೀರಿ. ಶೈಲೇಶ ಅವರಿಗೆ ನಾನೇ ಮಾತಾಡ್ತೀನಿ. ತಡ ಮಾಡಬೇಡಿ.”

ಸಂಜೆ ಕೋಟೆಯ ಕಡೆಯ ಓಣಿಯಲ್ಲಿ ಏಜಾಜನ ಮನೆ ಹುಡುಕಿಕೊಂಡು ಹೋದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಕಿಡಿಯಲ್ಲ, ಸುರ್ಮಾ. ತಪ್ಪು ಏಜಾಜನದಲ್ಲ. ಎರಡೇ ಮಾತು.

ಅಂಗಳದಲ್ಲಿ ಬೀಬಿಜಾನ ಚಾಪೆಯ ಮೇಲೆ ಕುಳಿತಿದ್ದರು. ಖುಷ್ನುಮಾ ಅವರ ತೊಡೆಯ ಮೇಲೆ ತಲೆ ಇಟ್ಟು ಮುಖ ಮೇಲೆ ಮಾಡಿತ್ತು. ಬಲಗಣ್ಣು ಈಗ ಕೊಂಚ ಮುಂದೆ ಬಂದದ್ದಲ್ಲ, ರೆಪ್ಪೆ ಪೂರ್ತಿ ಮುಚ್ಚಲಾಗದಷ್ಟು ಮುಂದೆ ಬಂದು ಕೆಳಕ್ಕೆ ಜಾರಿತ್ತು. ಅಜ್ಜಿಯ ಕೈಯಲ್ಲಿ ಹಿತ್ತಾಳೆಯ ಸುರ್ಮಾದಾನಿ. ಕಡ್ಡಿಯನ್ನು ಅದರಲ್ಲಿ ಅದ್ದಿ, ಬಿಸ್ಮಿಲ್ಲಾ ಎಂದು, ಆ ಊದಿದ ಕಣ್ಣಿನ ಅಂಚಿಗೆ ನವಿರಾಗಿ ಎಳೆಯುತ್ತಿದ್ದರು. ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ.

“ಬರ್ರಿ ಬೇಟಿ, ಬರ್ರಿ,” ಎಂದರು ನನ್ನನ್ನು ಕಂಡು. “ನೋಡ್ರಿ, ನೀವು ಆವತ್ತ ಚಂದ ಕಾಣ್ತದ ಅಂದ್ರಲ್ಲ, ಅವತ್ತಿನಿಂದ ಬಿಟ್ಟಿಲ್ಲ. ದಿನಾ ಎರಡ್ ಹೊತ್ತು ಹಾಕಾಕತ್ತೀನಿ. ಬಲಗಣ್ಣಿಗಿ ಜರಾ ಜಾಸ್ತಿ. ನಮ್ಮವರು ಹಜ್‌ನಿಂದ ತಂದದ್ದು ಇದು. ಅವರು ಹೋಗಿ ಒಂಬತ್ತ್ ವರ್ಷಾತು, ನಾ ಇದನ್ನ ಯಾರಿಗೂ ಕೊಟ್ಟಿಲ್ಲ. ನನ್ನ ಕಣ್ಣ ನೋಡ್ರಿ, ಈ ವಯಸ್ಸಿನ್ಯಾಗ ಚಾಳೀಸ ಇಲ್ಲದ ಸೂಜಿಗಿ ದಾರ ಪೋಣಸ್ತೀನಿ. ಇಕೀಗೂ ಆರಾಮ್ ಆಗ್ತದ. ಅಲ್ಲಾ ಮಾಡ್ತಾನ.”

ಬಾಯಿಪಾಠ ಮಾಡಿದ ಎರಡು ಮಾತೂ ಹೊರಗೆ ಬರಲಿಲ್ಲ. ಯಾರ ಬಾಯಿಯಿಂದ ಬಂದೀತು ಹೇಳಿ? ನಿಮ್ಮ ಈ ಕೈ, ನಿಮ್ಮ ಗಂಡನ ಈ ಹಿತ್ತಾಳೆ ದಾನಿ, ಇದೇ ಐದು ವಾರ ಕದ್ದಿತು ಎಂದು ಆ ಮುದುಕಿಗೆ ಹೇಳಬೇಕಿತ್ತು. ಹೇಳದಿದ್ದರೆ ಹಿಂದೆ ಬಾಗಿಲಲ್ಲಿ ನಿಂತ ಏಜಾಜ್ ತಲೆಯಿಂದ ಕಿಡಿ ಇಳಿಯುವುದಿಲ್ಲ. ಒಬ್ಬರ ಹೆಗಲಿನಿಂದ ತೆಗೆದದ್ದನ್ನು ಇನ್ನೊಬ್ಬರ ಹೆಗಲಿಗೆ ಇಡಬೇಕು. ನನ್ನ ಹೆಗಲು ಖಾಲಿಯಿತ್ತು. ನ್ಯಾಯವಾಗಿ ಅದು ಇರಬೇಕಾದ ಜಾಗವೂ ಅದೇ.

“ಏಜಾಜ್ ಅವರೆ,” ಎಂದೆ, “ನಿಮ್ಮ ಕಿಡಿ ಅಲ್ಲ ಅದು. ಕಣ್ಣಾಗ ಏನೂ ಇಲ್ಲ. ನಮ್ ಮಷೀನಿನ ಕನ್ನಡಿ ಮ್ಯಾಲ ಧೂಳ ಕೂತಿತ್ತು. ಆ ಧೂಳೇ ಚುಕ್ಕಿ ಚುಕ್ಕಿಯಾಗಿ ಬಿದ್ದದ. ನಾ ಒರೆಸಬೇಕಿತ್ತು, ಒರೆಸಲಿಲ್ಲ. ತಪ್ಪು ನಂದು.”

ಸಿಟಿ ಮಷೀನಿನಲ್ಲಿ ಒರೆಸುವಂಥ ಕನ್ನಡಿ ಇಲ್ಲ. ಆದರೆ ಒರೆಸಬೇಕಿತ್ತು, ಒರೆಸಲಿಲ್ಲ ಎಂಬುದು ಅಕ್ಷರಶಃ ಸತ್ಯ.

ಏಜಾಜ್ ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದ. ಹೆಂಡತಿಯ ಎದುರಿಗೆ, ತಾಯಿಯ ಎದುರಿಗೆ, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಹುಮೇರಾ ನನ್ನನ್ನು ಬೈದಳು, ಅದು ನನಗೆ ಒಳ್ಳೆಯದೇ ಆಯಿತು. “ಧೂಳ? ನಿಮ್ ಧೂಳಿನ ಸಲುವಾಗಿ ನನ್ ಗಂಡ ಐದ್ ವಾರ ಊಟ ಬಿಟ್ಟಾನ!” ಎಂದಳು. ಬೀಬಿಜಾನ ಮಾತ್ರ ಕಡ್ಡಿಯನ್ನು ದಾನಿಗೆ ಹಾಕಿ ಮುಚ್ಚಿ, “ಹೋಗ್ಲಿ ಬಿಡ ಬಹೂ, ಅಕಿ ಬಂದು ಒಪ್ಕೊಂಡಾಳಲ್ಲ,” ಎಂದು ಸೊಸೆಗೆ ಹೇಳಿದರು. ನನಗೆ ನೆಲ ಬಾಯಿಬಿಡಬಾರದೇ ಅನಿಸಿತು.

“ನಾಳೆ ಮುಂಜಾನಿ ಕರಕೊಂಡ್ ಬರ್ರಿ. ಮುಖಕ್ಕ ಏನೂ ಹಚ್ಚಬ್ಯಾಡ್ರಿ. ಪೌಡರ್ ಇಲ್ಲ, ಎಣ್ಣಿ ಇಲ್ಲ, ಸುರ್ಮಾ ಇಲ್ಲ. ಈ ಸಲ ಎಲ್ಲಾ ಸ್ವಚ್ಛ ಇರ್ಲಿ,” ಎಂದೆ. ಸುರ್ಮಾವನ್ನು ಪೌಡರು ಎಣ್ಣೆಗಳ ನಡುವೆ ಹೇಗೆ ಬಚ್ಚಿಟ್ಟೆ ನೋಡಿ. ಪಟ್ಟಿ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಮರುದಿನ ಡಾಕ್ಟರ್ ಶೈಲೇಶರು ಬೆಳಿಗ್ಗೆಯೇ ಮಗುವಿನ ಎರಡೂ ಕಣ್ಣು ತೊಳೆದು ಕಳಿಸಿದ್ದರು. ನಾನು ನೀರು ತಂದು, ಹತ್ತಿ ತಂದು, ರೆಪ್ಪೆಯನ್ನು ಮೇಲೆತ್ತಿ ಕೆಳಗಿಳಿಸಿ ಇನ್ನೊಮ್ಮೆ ಒರೆಸಿದೆ. ಮಗು ಅದೇ ಶಿಸ್ತಿನಲ್ಲಿ ಮಲಗಿತು. ಪರದೆಯ ಮೇಲೆ ಈ ಸಲ ಒಂದೂ ಬಿಳಿ ಚುಕ್ಕೆ ಇರಲಿಲ್ಲ. ಆಗ ಅದರ ಹಿಂದೆ ಇದ್ದದ್ದು ಕಂಡಿತು. ಬಲಗಣ್ಣಿನ ಗೂಡಿನಲ್ಲಿ, ಮೂಗಿನ ಕಡೆಗೆ, ಮೇಲೆ, ಒಂದು ಗಂಟು ಕಣ್ಣುಗುಡ್ಡೆಯನ್ನು ನೂಕುತ್ತ ಕುಳಿತಿತ್ತು. ಹಳೆಯ ಚಿತ್ರದ ಹೊಳಪಿನೊಳಗೂ ಅದು ಇತ್ತು, ಹುಡುಕಿ ನೋಡಿದರೆ ಹುಣಸೆಬೀಜದಷ್ಟು. ಈಗ ಬಾರೆಹಣ್ಣಿನಷ್ಟು. ನಡುವಿನ ಐದು ವಾರ ನಮ್ಮದು.

“ಫೋಟೋ ಚೊಲೋ ಬಂತೇನ್ರಿ?” ಎಂದು ಕೇಳಿತು ಮಗು, ಕೆಳಗಿಳಿದು.

“ಭಾಳ ಚೊಲೋ ಬಂದದ,” ಎಂದೆ. ಅಷ್ಟು ಚೊಲೋ ಚಿತ್ರ ನಾನು ಹನ್ನೊಂದು ವರ್ಷದಲ್ಲಿ ತೆಗೆದಿಲ್ಲ.

ಲೋಹವಿಲ್ಲ ಎಂಬ ಹೊಸ ರಿಪೋರ್ಟು ಹಿಡಿದು ಅವರು ಅಂದೇ ಹೈದರಾಬಾದಿನ ಬಸ್ಸು ಹತ್ತಿದರು. ಎಂಆರ್‌ಐ ಆಯಿತು, ಗಂಟಿನ ಚೂರು ತೆಗೆದು ಪರೀಕ್ಷೆ ಆಯಿತು. ಸ್ನಾಯುವಿನ ಕ್ಯಾನ್ಸರು, ಮಕ್ಕಳಲ್ಲಿ ಬರುವಂಥದ್ದು, ಓಡುತ್ತ ಬೆಳೆಯುವಂಥದ್ದು. ವಾಸಿಯಾಗುವ ಕಾಯಿಲೆ ಎಂದರು ಅಲ್ಲಿಯ ಡಾಕ್ಟರು. ಮೊದಲೇ ಬಂದಿದ್ದರೆ ನೋಟವೂ ಪೂರ್ತಿ ಉಳಿಯುತ್ತಿತ್ತೇನೋ ಎಂದೂ ಅಂದರಂತೆ. ಆ ಮಾತನ್ನು ಏಜಾಜ್ ಬಸ್ಸಿನಲ್ಲಿ ನನಗೆ ಹೇಳಿದ್ದು ದೂರೆಂದು ಅಲ್ಲ, ಸುದ್ದಿಯೆಂದು. ಅವನು ಶಟರ್ ಎತ್ತಿದ್ದ. ತುಕ್ಕು ಉಜ್ಜಿ ಆ ಅರ್ಧ ಗೇಟನ್ನು ಮುಗಿಸಿದ್ದ. ಮಗುವನ್ನು ನೋಡಲು ವಾರಕ್ಕೊಮ್ಮೆ ಹೈದರಾಬಾದಿಗೆ ಹೊರಟವನು ಹುಮನಾಬಾದಿನ ತನಕ ನನ್ನ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ.

ಶರಣಕುಮಾರರು ನನ್ನ ಮೇಲೆ ತಿಂಗಳುಗಟ್ಟಲೆ ಉರಿದರು. ತಮ್ಮ ಮಷೀನಿನಲ್ಲಿ ಧೂಳು ಎಂಬ ಅಪಪ್ರಚಾರ ಬೇಮಳಖೇಡದ ತನಕ ಹಬ್ಬಿತ್ತು. ಜನ ಒಳಗೆ ಬರುವಾಗಲೇ, “ಒರೆಸೀರೇನ್ರಿ?” ಎಂದು ಕೇಳುತ್ತಿದ್ದರು. ಕೆಲಸದಿಂದ ತೆಗೆಯುತ್ತೇನೆ ಎಂದು ಹೆದರಿಸಿದರು. ಹೊಸಬರಿಗೆ ಕಲಿಸುವ ತಾಪತ್ರಯ ನೆನೆದು ಸುಮ್ಮನಾದರು.

ಇನ್ನು ನನ್ನ ಬೋರ್ಡು. ಹದಿನೈದನೆಯ ಸಾಮಾನು ಸೇರಿಸಿದೆ, ‘ಸುರ್ಮಾ, ಕಾಡಿಗೆ’. ಕನ್ನಡ ಓದಲು ಬಾರದ ಅಜ್ಜಿಯರಿಗೂ ತಿಳಿಯಲಿ ಎಂದು ತಹಸೀನ್ ಕೈಯಿಂದ ಅದೊಂದನ್ನು ಉರ್ದುವಿನಲ್ಲೂ ದಪ್ಪಗೆ ಬರೆಸಿದೆ. ಎಂಥ ಮುಂದಾಲೋಚನೆ! ಮತ್ತೆ ಬೆನ್ನು ತಟ್ಟಿಕೊಂಡೆ.

ಹತ್ತು ತಿಂಗಳಾದ ಮೇಲೆ ಖುಷ್ನುಮಾಳ ಮನೆಯವರು ಪುನಃ ಬಂದರು. ಕ್ಯಾನ್ಸರು ಎದೆಗೆ ಇಳಿದಿದೆಯೇ ಎಂದು ನೋಡಲು ಹೈದರಾಬಾದಿನ ಡಾಕ್ಟರು ಎದೆಯ ಸ್ಕ್ಯಾನ್ ಬರೆದಿದ್ದರು. ಖುಷ್ನುಮಾಳ ತಲೆಯಲ್ಲಿ ಹೊಸ ಕೂದಲು ಅಂಗುಲದಷ್ಟು ಚಿಗುರಿತ್ತು. ಬಲಗಣ್ಣು ಅದರ ಜಾಗಕ್ಕೆ ಮರಳಿತ್ತು. ಆದರೆ ಮಗು ಯಾರನ್ನಾದರೂ ನೋಡಬೇಕಾದರೆ ಮುಖವನ್ನು ಬಲಕ್ಕೆ ತಿರುಗಿಸಿ ಎಡಗಣ್ಣಿನಿಂದ ನೋಡುತ್ತಿತ್ತು. ನಾನು ಅಂದು ಹೇಳಿದಂತೆ ಮುಖ ಸ್ವಚ್ಛ ಮಾಡಿ ತಂದಿದ್ದರು, ಕಣ್ಣು ತೊಳೆದು ತೊಳೆದು ಸುತ್ತಲಿನ ಚರ್ಮ ಕೆಂಪಾಗಿತ್ತು.

ಹುಮೇರಾ ಮಗುವಿನ ಓಲೆ ತೆಗೆದು ತಟ್ಟೆಯಲ್ಲಿಟ್ಟಳು. ಬೀಬಿಜಾನ ಬೋರ್ಡಿನ ಮುಂದೆ ನಿಂತಿದ್ದರು. ಚಾಳೀಸ ಇಲ್ಲದ ಕಣ್ಣು. ಹದಿನೈದು ಸಾಲಿನಲ್ಲಿ ಉರ್ದು ಒಂದೇ ಸಾಲಿನಲ್ಲಿತ್ತು. ಅವರು ಅದನ್ನು ಓದಿದರು, ಇನ್ನೊಮ್ಮೆ ಓದಿದರು. ನಾನು ಕಂಪ್ಯೂಟರಿನ ಹಿಂದೆ ನಿಂತಿದ್ದೆ. ಅವರು ನನ್ನ ಕಡೆ ತಿರುಗಲಿಲ್ಲ. ಸೊಂಟದ ಚೀಲಕ್ಕೆ ಕೈ ಹಾಕಿ ಹಿತ್ತಾಳೆಯ ಸುರ್ಮಾದಾನಿ ತೆಗೆದು, ತಟ್ಟೆಯಲ್ಲಿ ಮಗುವಿನ ಓಲೆಯ ಪಕ್ಕ ಇಟ್ಟರು.

ಎದೆ ಸ್ವಚ್ಛವಾಗಿತ್ತು. ಹುಮೇರಾ ಅಳುತ್ತ ನಗುತ್ತ ಓಲೆ ತೊಡಿಸಿದಳು. ಹೊರಡುವಾಗ ತಟ್ಟೆಯಲ್ಲಿ ಸುರ್ಮಾದಾನಿ ಹಾಗೇ ಉಳಿದಿತ್ತು.

“ಅಮ್ಮಾ, ನಿಮ್ದು ಇಲ್ಲೇ ಉಳೀತು,” ಎಂದು ಅದನ್ನು ಹಿಡಿದು ಬಾಗಿಲ ತನಕ ಓಡಿದೆ.

“ಇರ್ಲಿ ಬೇಟಿ,” ಎಂದರು ಬೀಬಿಜಾನ. “ಅದನ್ನ ಆವತ್ತೇ ಇಲ್ಲಿ ತಗದಿಡಬೇಕಿತ್ತು.” ಮೆಟ್ಟಿಲಿಳಿಯುತ್ತ ಒಂದು ಸಲ ನಿಂತು ನನ್ನ ಮುಖ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ.

“ನಿಮ್ ಮಷೀನಿನ ಕನ್ನಡಿ?” ಎಂದು ಕೇಳಿದರು. “ಈಗ ದಿನಾ ಒರೆಸ್ತೀರೇನ್ರಿ?”

“ಒರೆಸ್ತೀನಮ್ಮಾ,” ಎಂದೆ.

“ಒರೆಸ್ರಿ,” ಎಂದರು ಅವರು. ಮಗುವಿನ ಕೈ ಹಿಡಿದು, ಅದು ಎಡಗಣ್ಣಿನಿಂದ ಮೆಟ್ಟಿಲು ಹುಡುಕುವ ತನಕ ಕಾದು, ಒಂದೊಂದೇ ಇಳಿಸಿಕೊಂಡು ಹೋದರು.